ತೆಂಗಿನಕಾಯಿಗೆ ಗುಂಡು ಹೊಡೆದ ಮೇಲೆ

ಸೆಪ್ಟೆಂಬರ್ ಮೊದಲ ವಾರ ಕೊಡಗಿನಲ್ಲಿ ಕೋವಿಗಳಿಗೆ ಹಬ್ಬ. ಗದ್ದೆ ನಾಟಿ ಮುಗಿದು, ಕಕ್ಕಡ ತಿಂಗಳ ಜಡಿಮಳೆ ಒಂದಿಷ್ಟು ಸಡಿಲಾದ ಹೊತ್ತಿಗೆ ಕೈಲ್ ಪೊಳ್ದ್ ಬರುತ್ತದೆ. ಹೆಚ್ಚಿನ ಕಡೆ 3ನೇ ತಾರೀಕು. ಅಷ್ಟು ದಿನ ಕನ್ನಿ ಕೋಂಬರೆ ಎಂಬ ದೇವರ ಕೋಣೆಯ ಕತ್ತಲಲ್ಲಿದ್ದ ಕೋವಿ, ಒಡಿಕತ್ತಿ, ಪೀಚೆಕತ್ತಿಗಳು ಹೊರಗೆ ಬರುತ್ತವೆ. ಒರೆಸಿ, ಎಣ್ಣೆ ಸವರಿ, ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಮುಂದೆ ಸಾಲಾಗಿ ಇಟ್ಟು, ಗಂಧದ ಬೊಟ್ಟಿಟ್ಟು, ನಳಿಗೆಯ ಬಾಯಿಗೆ ಕೆಂಪು ಹಳದಿಯ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಕಡಂಬಿಟ್ಟು, ಪಂದಿ ಕರಿಯ ಊಟ. ಮಧ್ಯಾಹ್ನ ಊರ ಮೈದಾನದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ. ಗೆದ್ದವರ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಕೋವಿ ಮಾತ್ರ ಬಹಳಷ್ಟು ಮನೆಗಳಲ್ಲಿ ರಾತ್ರಿ ಹಾಗೆಯೇ ಗೋಡೆಯ ಗೂಟ ಸೇರುತ್ತದೆ.

ಎಡವಟ್ಟು ಆಗುವುದು ಇಲ್ಲೇ. ಬೆಳಿಗ್ಗೆ ಅಷ್ಟು ಶ್ರದ್ಧೆಯಿಂದ ಒರೆಸಿದ್ದು ಕೋವಿಯ ಹೊರಮೈಯನ್ನು. ಮಧ್ಯಾಹ್ನದ ಈಡು ಕೊಳೆ ಬಿಟ್ಟುಹೋಗಿರುವುದು ಒಳಮೈಯಲ್ಲಿ. ಆ ಕೊಳೆಗೆ ಇನ್ನೂ ಹಸಿ ಆರದ ಸೆಪ್ಟೆಂಬರಿನ ಗಾಳಿ ಸಿಕ್ಕರೆ ಮುಂದಿನ ಕೆಲಸಕ್ಕೆ ಯಾರೂ ಬೇಕಾಗಿಲ್ಲ. ಕೋವಿಯ ಆಯುಸ್ಸು ತೀರ್ಮಾನವಾಗುವುದು ಹಬ್ಬದ ಬೆಳಿಗ್ಗೆಯಲ್ಲಲ್ಲ, ಹಬ್ಬದ ಸಂಜೆ.

ಒಂದು ಕಾಲಕ್ಕೆ ಈ ಹಬ್ಬ ಬೇಟೆಯ ಹಂಗಾಮಿನ ಮೊದಲ ದಿನವಾಗಿತ್ತು. ಗದ್ದೆ ಕೆಲಸ ನಡೆಯುವಷ್ಟು ದಿನ ಆಯುಧ ಮುಟ್ಟುವಂತಿಲ್ಲ; ಪೂಜೆಯಾದ ಮೇಲೆ ನಾಯಿ, ಕೋವಿ, ಜನ ಎಲ್ಲ ಒಟ್ಟಾಗಿ ಕಾಡಿನ ದಾರಿ ಹಿಡಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿ ಎರಡೂ ಸೇರಿ ಆ ದಾರಿಯನ್ನು ಮುಚ್ಚಿದವು. ಮುಚ್ಚಿದ್ದು ಸರಿಯೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕೋವಿ ಮನೆಯಲ್ಲೇ ಉಳಿಯಿತು. 1861ರಲ್ಲಿ ಮಾರ್ಕ್ ಕಬ್ಬನ್ ಕಾಲದಲ್ಲಿ ಕೊಡಗಿನವರಿಗೆ ಸಿಕ್ಕ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಮುಂದುವರಿದು ಬಂದಿದೆ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ನೀಡುವ 2019ರ ಕೇಂದ್ರದ ಅಧಿಸೂಚನೆ 2029ರ ಅಕ್ಟೋಬರ್ ಕೊನೆಯವರೆಗೆ ಜಾರಿಯಲ್ಲಿರುತ್ತದೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ಘಟ್ಟದ ಉಳಿದ ಕಡೆ, ಕರಾವಳಿಯಲ್ಲಿ ಅಡಿಕೆ, ಭತ್ತ, ಬಾಳೆ ಉಳಿಸಿಕೊಳ್ಳಲು ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ ಕೋವಿ ಇಟ್ಟುಕೊಂಡ ರೈತರಿದ್ದಾರೆ.

ಬೇಟೆ ಹೋಗಿದ್ದರಿಂದ ಕೋವಿಯ ಪಾಡು ಸುಧಾರಿಸಿತು ಎಂದುಕೊಂಡರೆ ತಪ್ಪು. ಷಿಕಾರಿಯವನ ಕೈಗೆ ಕೋವಿ ವಾರಕ್ಕೊಮ್ಮೆ ಬರುತ್ತಿತ್ತು. ತುಕ್ಕಿನ ಚುಕ್ಕೆ ಕಂಡ ದಿನವೇ ಉಜ್ಜುತ್ತಿದ್ದ. ಈಗಿನ ಕೋವಿ ವರ್ಷಕ್ಕೆ ಬೆರಳೆಣಿಕೆಯ ಈಡು ಹೊಡೆಯುತ್ತದೆ. ಕೈಲ್ ಪೊಳ್ದ್ ಪಂದ್ಯ, ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವ ಮುಂಚಿನ ಈಡು, ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು, ಸಾವಾದರೆ ಎರಡು, ತೋಟಕ್ಕೆ ಆನೆ ಬಂದ ರಾತ್ರಿ ಗಾಳಿಯಲ್ಲಿ ಒಂದು. ಈ ಒಂದೊಂದು ಈಡಿನ ಹಿಂದೆಯೂ ಗದ್ದಲ, ಸಂಭ್ರಮ, ದುಃಖ ಅಥವಾ ಗಾಬರಿ ಇರುತ್ತದೆ. ಹೆಣ ಮುಂದಿಟ್ಟುಕೊಂಡು ಕೋವಿ ತೊಳೆಯುವವರು ಯಾರು? ಹಾಗಾಗಿ ಕಡಿಮೆ ಹೊಡೆಯುವ ಕೋವಿಯೇ ಹೆಚ್ಚು ಹಾಳಾಗುತ್ತದೆ.

ಈಡು ಹೊಡೆದ ನಳಿಗೆಯೊಳಗೆ ಏನು ಉಳಿಯುತ್ತದೆ ಎಂಬುದು ಕೋವಿಯ ಜಾತಿಯನ್ನು ಅವಲಂಬಿಸಿದೆ. ಬಾಯಿಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿಯಿಂದ ಶುರು ಮಾಡೋಣ, ಏಕೆಂದರೆ ಅದರದ್ದೇ ದೊಡ್ಡ ಕತೆ. ಅದಕ್ಕೆ ಹಾಕುವ ಕರಿಮದ್ದಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಮದ್ದು ಉರಿದಾಗ ಎಲ್ಲವೂ ಹೊಗೆಯಾಗಿ ಹೋಯಿತು ಎಂದು ಕಣ್ಣಿಗೆ ಕಂಡರೂ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದಲ್ಲೇ ಉಳಿಯುತ್ತದೆ. ಒಂದಿಷ್ಟು ಹೊಗೆಯ ಜೊತೆ ಹಾರಿಹೋದರೂ ಉಳಿದದ್ದು ನಳಿಗೆಯ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್ ಇವೆಲ್ಲ ಅದರಲ್ಲಿರುವ ಲವಣಗಳು. ಕಾರ್ಬೊನೇಟಿಗೆ ಗಾಳಿಯ ತೇವ ಕಂಡರೆ ಆಸೆ. ರಾತ್ರಿ ಒಣಗಿದ ಮಸಿಯಂತಿದ್ದದ್ದು ಬೆಳಗಾಗುವಷ್ಟರಲ್ಲಿ ಒದ್ದೆ ಕೆಸರಾಗಿರುತ್ತದೆ, ಅದರಡಿಯಲ್ಲಿ ಉಕ್ಕು ಕೆಂಪಾಗಲು ಶುರುವಾಗಿರುತ್ತದೆ.

ಲವಣ ಕರಗುವುದು ನೀರಿನಲ್ಲಿ. ಎಣ್ಣೆಯಲ್ಲಿ ಕರಗುವುದಿಲ್ಲ. ಇಷ್ಟು ಸರಳ ಸಂಗತಿಯನ್ನು ಒಪ್ಪಿಕೊಳ್ಳುವುದು ಕೋವಿ ಇಟ್ಟುಕೊಂಡವರಿಗೆ ಕಷ್ಟ. ಕಬ್ಬಿಣಕ್ಕೆ ನೀರು ಶತ್ರು ಎಂದು ಚಿಕ್ಕಂದಿನಿಂದ ಕೇಳಿದವರು ನಳಿಗೆಯೊಳಗೆ ನೀರು ಹೊಯ್ಯಲು ಹೆದರಿ ಎಣ್ಣೆ ಬಿಡುತ್ತಾರೆ. ಎಣ್ಣೆಯ ಪದರದ ಕೆಳಗೆ ಲವಣ ಭದ್ರವಾಗಿ ಕುಳಿತು ತನ್ನ ಕೆಲಸ ನಡೆಸುತ್ತದೆ. ಕೇಪಿನ ಕೋವಿಗೆ ಸರಿಯಾದ ಉಪಚಾರ ಬಿಸಿನೀರು, ಬೇಕಾದರೆ ಒಂದು ಹನಿ ಸೋಪು. ಮದ್ದು ಜಡಿಯುವ ಗಜದ ತುದಿಗೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಆಡಿಸಿದರೆ ಕೇಪು ಕೂರುವ ಕಿವಿಯ ತೂತಿನಿಂದ ಕರಿನೀರು ಚಿಮ್ಮುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಸಲ್ಫೈಡಿನ ವಾಸನೆ ಅದು. ತೊಳೆದು ಹೋಗುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ನೀರು ತಿಳಿಯಾಗುವವರೆಗೆ ತೊಳೆದು, ಕೊನೆಗೊಮ್ಮೆ ಕುದಿಯುವ ನೀರು ಹೊಯ್ದರೆ ಉಕ್ಕು ಕಾದು ತನ್ನಷ್ಟಕ್ಕೆ ಆರುತ್ತದೆ. ಒಣಬಟ್ಟೆ ಆಡಿಸಿ, ಬೆಚ್ಚಗಿರುವಾಗಲೇ ಎಣ್ಣೆ ಸವರಿದರೆ ಮುಗಿಯಿತು.

ತೋಟಾ ಕೋವಿಯ ಹೊಗೆಯಿಲ್ಲದ ಮದ್ದಿಗೆ ಇಷ್ಟು ರಗಳೆ ಇಲ್ಲ. ಅದು ಹತ್ತಿಯ ನಾರಿನಂಥ ಸೆಲ್ಯುಲೋಸಿನಿಂದ ಹುಟ್ಟಿದ ವಸ್ತು, ಉರಿದರೆ ಉಳಿಯುವುದು ತೆಳು ಮಸಿ. ಆದರೆ ತೋಟಾದ ಬೆನ್ನಿನ ಕೇಪಿನಲ್ಲಿ ಏನಿದೆ ಎಂಬುದನ್ನೂ ನೋಡಬೇಕು. ಕಳೆದ ಶತಮಾನದ ಮಧ್ಯಭಾಗದವರೆಗೆ ಹೆಚ್ಚಿನ ಸೈನ್ಯಗಳ ತೋಟಾಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಬೆರೆತ ಕೇಪುಗಳಿದ್ದವು. ಅದು ಉರಿದರೆ ಪೊಟ್ಯಾಸಿಯಂ ಕ್ಲೋರೈಡ್ ಆಗುತ್ತದೆ, ಅಂದರೆ ಅಡುಗೆ ಉಪ್ಪಿನ ಖಾಸಾ ತಮ್ಮ. .303 ರೈಫಲ್ ಹಿಡಿದ ಬ್ರಿಟಿಷ್ ಸಿಪಾಯಿಗಳು ನಳಿಗೆಗೆ ಆಲಿಕೆ ಇಟ್ಟು ಕುದಿನೀರು ಹೊಯ್ಯುತ್ತಿದ್ದದ್ದು ಈ ಕಾರಣಕ್ಕೆ. ಮನೆಯಲ್ಲಿ ತಲೆಮಾರು ಕಂಡ ತೋಟಾಗಳು ಉಳಿದಿದ್ದರೆ, ಅಥವಾ ಯಾವ ಕೇಪು ಎಂಬ ಅನುಮಾನವಿದ್ದರೆ, ಬಿಸಿನೀರಿನ ದಾರಿಯೇ ಕ್ಷೇಮ.

ರೈಫಲಿನ ವಿಷಯ ಸ್ವಲ್ಪ ನಾಜೂಕು. .303 ಸೈನ್ಯಕ್ಕೆ ಮೀಸಲಾಗಿದ್ದರಿಂದ ನಮ್ಮಲ್ಲಿ ನಾಗರಿಕರ ಕೈಗೆ ಬಂದದ್ದು .315, ಪಶ್ಚಿಮ ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆ ಲೀ-ಎನ್‌ಫೀಲ್ಡ್ ಮಾದರಿಯ ಬೋಲ್ಟ್ ಇಟ್ಟು ಮಾಡಿದ ಬೇಟೆ ರೈಫಲ್ ಅದು. ಇದರ ನಳಿಗೆಯೊಳಗೆ ಸುರುಳಿ ಗೆರೆಗಳಿವೆ. ಗುಂಡು ತಿರುಗುತ್ತ ಹೋಗುವುದು ಅವುಗಳಿಂದಲೇ. ತಾಮ್ರದ ಕವಚದ ಗುಂಡು ಉಜ್ಜಿಕೊಂಡು ಹೋದಾಗ ಗೆರೆಗಳ ಮೇಲೆ ತಾಮ್ರದ ತೆಳು ಪದರ ಕೂರುತ್ತದೆ. ಅದು ನೀರಿಗೂ ಹೋಗದು, ಸಾಧಾರಣ ಎಣ್ಣೆಗೂ ಹೋಗದು; ಅಮೋನಿಯಾ ಇರುವ ದ್ರಾವಣ ಬೇಕು. ಅಂಥ ದ್ರಾವಣ ಹಚ್ಚಿದ ಬಟ್ಟೆ ನೀಲಿ ಹಸಿರು ಬಣ್ಣಕ್ಕೆ ತಿರುಗಿ ಬಂದರೆ ತಾಮ್ರ ಕರಗುತ್ತಿದೆ ಎಂದರ್ಥ. ಬಟ್ಟೆ ಸಿಕ್ಕಿಸುವ ತುದಿ ಹಿತ್ತಾಳೆಯದ್ದಾದರೆ ಅದೂ ಕರಗಿ ಅದೇ ಬಣ್ಣ ಕೊಡುತ್ತದೆ. ನಳಿಗೆ ಎಂದೋ ಶುದ್ಧವಾಗಿದ್ದರೂ ಇನ್ನೂ ನೀಲಿ ಬರುತ್ತಿದೆ ಎಂದು ಮಧ್ಯರಾತ್ರಿವರೆಗೆ ತಿಕ್ಕಿದವರಿದ್ದಾರೆ. ಈ ದ್ರಾವಣವನ್ನು ರಾತ್ರಿಯಿಡೀ ಬಿಡಬಾರದು. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಪೂರ್ತಿ ಒರೆಸಿ ತೆಗೆಯಬೇಕು, ಕಿಟಕಿ ತೆರೆದಿರಬೇಕು.

ಕೊಡಗಿನಲ್ಲಿ ನಿವೃತ್ತ ಸೈನಿಕರಿಗೆ ಬರವಿಲ್ಲ, ಹಾಗಾಗಿ ಪುಲ್‌ಥ್ರೂ ಎಂಬ ಹಗ್ಗವೂ ಚಿಂದಿ ಎಂಬ ಬಟ್ಟೆ ತುಂಡೂ ಎನ್‌ಸಿಸಿ ಮಕ್ಕಳಿಗೂ ಗೊತ್ತು. ಲೀ-ಎನ್‌ಫೀಲ್ಡಿನ ಹಿಡಿಯ ತಳದಲ್ಲಿ ಒಂದು ಹಿತ್ತಾಳೆ ಮುಚ್ಚಳ, ಅದರೊಳಗೆ ಎಣ್ಣೆಯ ಸಣ್ಣ ಸೀಸೆ, ಪುಲ್‌ಥ್ರೂ. ಸಿಪಾಯಿಯ ಇಡೀ ಕಾರ್ಖಾನೆ ಅಷ್ಟೇ. ಹಗ್ಗದ ಭಾರದ ತುದಿಯನ್ನು ಬೋಲ್ಟಿನ ಕಡೆಯಿಂದ ಇಳಿಬಿಟ್ಟು ಬಾಯಿಯ ಕಡೆಯಿಂದ ಎಳೆಯುವುದು ಪದ್ಧತಿ. ನೆಟ್ಟಗೆ ಎಳೆದರೆ ಸರಿ. ಅವಸರದಲ್ಲಿ ಓರೆಯಾಗಿ ಎಳೆದರೆ ಹಗ್ಗ ನಳಿಗೆಯ ಬಾಯಂಚನ್ನು ಒಂದೇ ಕಡೆ ಸವೆಸುತ್ತದೆ. ಹಗ್ಗ ಉಕ್ಕನ್ನು ಸವೆಸುವುದುಂಟೇ ಎನ್ನಬೇಡಿ. ಹಗ್ಗಕ್ಕೆ ಅಂಟಿದ ಮರಳು, ಮಸಿ ಸವೆಸುತ್ತವೆ. ಹಳೆಯ ಸೈನಿಕ ರೈಫಲುಗಳಲ್ಲಿ ಈ ಸವಕಲು ಪರಿಚಿತ ರೋಗ. ಗುಂಡು ನಳಿಗೆ ಬಿಡುವ ಕೊನೆಯ ಕ್ಷಣದಲ್ಲಿ ತಾಗುವುದು ಆ ಅಂಚನ್ನೇ. ಅದು ಒಂದು ಕಡೆ ಸವೆದರೆ ಹಿಂದಿನ ಅನಿಲ ಸಮವಾಗಿ ಹೊರಬಾರದೆ ಗುಂಡನ್ನು ಪಕ್ಕಕ್ಕೆ ತಳ್ಳುತ್ತದೆ, ತೆಂಗಿನಕಾಯಿ ಉಳಿಯುತ್ತದೆ. ಸಲಾಕೆ ಬಳಸುವವರೂ ಇದೇ ಕಾರಣಕ್ಕೆ ಬೋಲ್ಟ್ ತೆಗೆದು ಹಿಂದಿನಿಂದಲೇ ತೂರಿಸಬೇಕು. ಬ್ರಷ್ಷನ್ನು ನಳಿಗೆಯ ನಡುವೆ ಹಿಂದಕ್ಕೆಳೆಯದೆ ಪೂರ್ತಿ ಹೊರಗೆ ಹಾಯಿಸಿ ಆಮೇಲೆ ಹಿಂತೆಗೆಯಬೇಕು.

ಇದೆಲ್ಲಕ್ಕೂ ಮುಂಚೆ ಕೋವಿ ಖಾಲಿ ಇದೆಯೇ ನೋಡಬೇಕು ಎಂದು ಹೇಳುವ ಅಗತ್ಯವೇ ಇರಬಾರದಿತ್ತು. ಆದರೂ ಹೇಳುತ್ತೇನೆ. ಮಡಚುವ ಕೋವಿಯನ್ನು ಮಡಚಿ, ರೈಫಲಿನ ಬೋಲ್ಟ್ ಎಳೆದು ಮ್ಯಾಗಜಿನ್ ಬೇರೆ ಮಾಡಿ, ಕಣ್ಣಿಂದ ನೋಡಿ, ಬೆರಳು ಇಟ್ಟೂ ನೋಡಿ. ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಕೇಪಿನ ಕೋವಿಯಲ್ಲಿ ತುಂಬಿದ ಈಡು ಹೊರಗೆ ಕಾಣುವುದಿಲ್ಲ. ಹಿಂದಿನವರು ಗಜವನ್ನು ಒಳಗೆ ಇಳಿಬಿಟ್ಟು, ಬಾಯಿಯ ಮಟ್ಟಕ್ಕೆ ಗುರುತು ಹಿಡಿದು, ಹೊರತೆಗೆದು ನಳಿಗೆಯ ಪಕ್ಕದಲ್ಲಿಟ್ಟು ಅಳೆಯುತ್ತಿದ್ದರು. ಗಜ ಬುಡದವರೆಗೆ ಇಳಿಯದಿದ್ದರೆ ಒಳಗೆ ಏನೋ ಇದೆ. ಇದಕ್ಕಿಂತ ಒಳ್ಳೆಯ ಉಪಾಯ ಇವತ್ತಿಗೂ ಇಲ್ಲ.

ಒಂಟಿ ನಳಿಗೆ, ಜೋಡು ನಳಿಗೆಯ 12 ಬೋರ್ ಕೋವಿಗಳು ಸುಲಭದ ಗಿರಾಕಿಗಳು. ಒಳಗೆ ಸುರುಳಿ ಗೆರೆ ಇಲ್ಲ. ಸೀಸದ ಚರೆಯ ಪೂಸು, ಈಗಿನ ತೋಟಾಗಳ ಪ್ಲಾಸ್ಟಿಕ್ ಬಟ್ಟಲಿನ ಗೀರು ಇರುತ್ತವೆ. ಹಿತ್ತಾಳೆ ಬಣ್ಣದ ಕಂಚಿನ ಬ್ರಷ್ಷಿಗೆ ದ್ರಾವಣ ಹಾಕಿ ನಾಲ್ಕಾರು ಸಲ ಆಡಿಸಿದರೆ ಹೋಗುತ್ತವೆ. ಮುಂದಿನ ಮರದ ತುಂಡನ್ನು ಕೈಯಲ್ಲೇ ಬಿಚ್ಚಬಹುದು. ಅದರಡಿಯಲ್ಲಿ ಅಡಗಿರುವ ತುಕ್ಕನ್ನು ನೋಡದೆ ಬಿಡಬೇಡಿ. ಒಳಗಿನ ಕುದುರೆ, ಸ್ಪ್ರಿಂಗುಗಳ ಪೆಟ್ಟಿಗೆಯನ್ನು ಮಾತ್ರ ಮನೆಯ ಸ್ಕ್ರೂ ಡ್ರೈವರಿನಲ್ಲಿ ತೆರೆಯಬೇಡಿ. ಆ ಸ್ಕ್ರೂಗಳ ಸೀಳು ಬಹಳ ಸಣ್ಣದು, ಒಮ್ಮೆ ಕಿತ್ತುಹೋದರೆ ಕೋವಿಯ ಮುಖಕ್ಕೆ ಮಾಯದ ಗಾಯ. ಅದು ಲೈಸೆನ್ಸ್ ಇರುವ ರಿಪೇರಿಯವರ ಕೆಲಸ.

ಇನ್ನು ಎಣ್ಣೆ. ಮಲೆನಾಡಿನ ಮನೆಗಳಲ್ಲಿ ತಲೆಗೂ ಕೋವಿಗೂ ತೆಂಗಿನೆಣ್ಣೆ ಒಂದೇ ಬಾಟಲಿಯಿಂದ ಬರುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸಿಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಮಳೆಗಾಲ, ಚಳಿಗಾಲದ ಎಷ್ಟೋ ದಿನ ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ ಕುದುರೆಯ ಸಂದಿಯಲ್ಲೂ ಗಟ್ಟಿಯಾಗುತ್ತದೆ. ಸಾಲದ್ದಕ್ಕೆ ಅಡುಗೆ ಎಣ್ಣೆಗಳೆಲ್ಲ ಕಾಲ ಕಳೆದಂತೆ ಕಮಟು ಹಿಡಿದು ಆಮ್ಲವಾಗುತ್ತವೆ, ಜಿಗಿಯಾಗುತ್ತವೆ. ಬ್ರಿಟಿಷರ ಕಾಲದ ಷಿಕಾರಿಗಳು ರಂಗೂನ್ ಎಣ್ಣೆ ಹುಡುಕುತ್ತಿದ್ದದ್ದು ಅದು ನೆಲದಡಿಯ ಖನಿಜ ಎಣ್ಣೆ ಎಂಬ ಕಾರಣಕ್ಕೆ. ಈಗ ಕೋವಿಗೆಂದೇ ಮಾಡಿದ ಎಣ್ಣೆ ಸಿಗುತ್ತದೆ. ಸಿಗದಿದ್ದರೆ ಹೊಲಿಗೆ ಮಷೀನಿನ ಎಣ್ಣೆ ತೆಂಗಿನೆಣ್ಣೆಗಿಂತ ಎಷ್ಟೋ ವಾಸಿ. ಡಬ್ಲ್ಯೂಡಿ-40 ಬಗ್ಗೆ ಎಲ್ಲರೂ ಕೇಳುತ್ತಾರೆ. 1953ರಲ್ಲಿ ಅದನ್ನು ಮಾಡಿದ್ದೇ ನೀರನ್ನು ಹೊರದೂಡಲು. ಒದ್ದೆಯಾದ ಕೋವಿಯ ಸಂದುಗೊಂದಿನ ನೀರು ತೆಗೆಯಲು ಅದು ಚೆನ್ನ, ಆದರೆ ನಾಲ್ಕು ತಿಂಗಳ ಮಳೆಗಾಲಕ್ಕೆ ಅದು ಬಿಡುವ ತೆಳು ಪದರವನ್ನು ನಂಬಿ ಕೂರುವಂತಿಲ್ಲ. ಒರೆಸಿ ತೆಗೆದು, ಸರಿಯಾದ ಎಣ್ಣೆ ಹಚ್ಚಿ.

ಎಷ್ಟು ಹಚ್ಚಬೇಕು ಎಂಬುದರಲ್ಲೂ ಜನ ಧಾರಾಳಿಗಳು. ಬೆರಳಿಗೆ ಜಾರಿದಂತಾದರೆ ಸಾಕು, ಹನಿ ನಿಲ್ಲಬಾರದು. ಹೆಚ್ಚಾದ ಎಣ್ಣೆ ಗೋಡೆಗೆ ನಿಲ್ಲಿಸಿದ ಕೋವಿಯಲ್ಲಿ ನಿಧಾನ ಕೆಳಗಿಳಿದು ಹಿಡಿಯ ಮರ ಸೇರುತ್ತದೆ. ವರ್ಷಗಟ್ಟಲೆ ಹೀಗೆ ಎಣ್ಣೆ ಕುಡಿದ ಮರ ಕಪ್ಪಾಗಿ, ಮೆತ್ತಗಾಗಿ, ಉಕ್ಕು ಮರ ಕೂಡುವ ಸಂದಿಯಲ್ಲೇ ಬಿರುಕು ಬಿಡುತ್ತದೆ. ಮೊದಲ ಕೆಲವು ದಿನ ಕೋವಿಯನ್ನು ಬಾಯಿ ಕೆಳಗಾಗಿ, ಹಳೆಯ ಬಟ್ಟೆಯ ಮೇಲೆ ನಿಲ್ಲಿಸುವುದು ಇದಕ್ಕೆ ಪರಿಹಾರ. ಹೊಡೆಯುವ ಮುಂಚೆ ನಳಿಗೆಯನ್ನೂ ತೋಟಾ ಕೂರುವ ಗೂಡನ್ನೂ ಒಣಬಟ್ಟೆಯಿಂದ ಒರೆಸದಿದ್ದರೆ ಮೊದಲ ಗುಂಡು ಎಲ್ಲಿಗೋ ಹೋಗುತ್ತದೆ. ಎಣ್ಣೆ ಮೆತ್ತಿದ ಗೂಡಿನಲ್ಲಿ ತೋಟಾದ ಗೋಡೆಗೆ ಹಿಡಿತ ಸಿಗದೆ ಇಡೀ ಒತ್ತಡ ಬೋಲ್ಟಿನ ಮೇಲೆ ಬೀಳುತ್ತದೆ. ಮರಕ್ಕೆ ಬೇಕಾದ್ದು ಬೇರೆ ಎಣ್ಣೆ. ಅಗಸೆ ಎಣ್ಣೆಯನ್ನು ಅಂಗೈಯಿಂದ ತೆಳುವಾಗಿ ತಿಕ್ಕಿದರೆ ಅದು ಗಾಳಿಗೆ ಗಟ್ಟಿಯಾಗಿ ಮರದ ರಂಧ್ರ ಮುಚ್ಚುತ್ತದೆ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಗಟ್ಟಿಯಾಗುವಾಗ ಹುಟ್ಟುವ ಬಿಸಿಯಿಂದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ.

ಹಬ್ಬದ ವಿಷಯಕ್ಕೆ ವಾಪಸ್ ಬಂದರೆ, ಪೂಜೆಯ ಸಾಮಗ್ರಿಗಳೂ ಕೋವಿಯ ಮಿತ್ರರಲ್ಲ. ನೀರಲ್ಲಿ ತೇಯ್ದ ಗಂಧ, ಒದ್ದೆ ಕುಂಕುಮ ಕೂತ ಜಾಗದಲ್ಲಿ ತೇವ ನಿಲ್ಲುತ್ತದೆ. ನಳಿಗೆಯ ಬಾಯಿಗೆ ಸಿಕ್ಕಿಸಿದ ತೋಕ್ ಪೂವಿನ ತೊಟ್ಟು ರಸ ಬಿಡುತ್ತದೆ, ಎಸಳು ಒಳಗೆ ಉದುರುತ್ತದೆ. ಈ ಗಿಡದಲ್ಲಿ ಕೊಲ್ಚಿಸಿನ್ ಎಂಬ ವಿಷವೂ ಇದೆ, ಮಕ್ಕಳ ಕೈಗೆ ಕೊಟ್ಟರೆ ಕೈ ತೊಳೆಸಿ. ಪೂಜೆ ಬೇಡ ಎನ್ನುತ್ತಿಲ್ಲ. ಪೂಜೆಯ ಗುರುತು ಒಂದು ದಿನಕ್ಕಿಂತ ಹೆಚ್ಚು ಇರುವುದು ಬೇಡ. ದೀಪ, ತಂಬಿಗೆ ಬೆಳಗುವ ಹುಣಸೆಹುಳಿಯನ್ನು ಅದೇ ಉತ್ಸಾಹದಲ್ಲಿ ಕೋವಿಗೂ ತಿಕ್ಕುವುದು ಅದಕ್ಕಿಂತ ದೊಡ್ಡ ಅಪಚಾರ. ಕೋವಿಯ ನೀಲಿಗಪ್ಪು ಬಣ್ಣ ಮೇಲೆ ಬಳಿದ ಪೇಂಟಲ್ಲ. ಅದು ಉಕ್ಕಿನ ಮೇಲೆಯೇ ಬೆಳೆಸಿದ ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡಿನ ಪದರ. ಹಳೆಯ ಕುಶಲಕರ್ಮಿಗಳು ಉಕ್ಕಿಗೆ ಬೇಕೆಂದೇ ತೆಳು ತುಕ್ಕು ಬರಿಸಿ, ಕುದಿನೀರಲ್ಲಿ ಹಾಕಿ ಅದನ್ನು ಕಪ್ಪಾಗಿಸಿ, ಉಜ್ಜಿ, ಮತ್ತೆ ಮತ್ತೆ ಹಾಗೆ ಮಾಡಿ ಪಡೆಯುತ್ತಿದ್ದ ಬಣ್ಣ. ಹುಳಿ ಅದನ್ನು ನಿಮಿಷಗಳಲ್ಲಿ ತಿನ್ನುತ್ತದೆ, ಉಪ್ಪುಕಾಗದ ಇನ್ನೂ ಬೇಗ. ಕೆಂಪು ತುಕ್ಕಿನ ಚುಕ್ಕೆ ಎದ್ದಿದ್ದರೆ ಎಣ್ಣೆಯಲ್ಲಿ ನೆನೆಸಿ ಬಿಟ್ಟು, ಅತ್ಯಂತ ನಯವಾದ ಉಕ್ಕಿನ ಉಣ್ಣೆಯಿಂದ ಒತ್ತದೆ ಉಜ್ಜಿ. ಹೊಳಪು ಬರಿಸುವ ಹಟ ಬೇಡ. ಕೋವಿ ಮಂಕಾಗಿದ್ದರೆ ಇರಲಿ.

ಇಡುವ ಜಾಗ? ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರಲ್ಲಿ ಗೋಡೆಯೇ ಒದ್ದೆ. ಗಾಳಿಯ ತೇವಾಂಶ ಸುಮಾರು ಶೇಕಡ 60 ದಾಟಿದರೆ ಉಕ್ಕಿನ ತುಕ್ಕು ವೇಗ ಹಿಡಿಯುತ್ತದೆ, ಬೆರಳ ಬೆವರಿನ ಉಪ್ಪು ತಾಗಿದ್ದರೆ ಅದಕ್ಕಿಂತ ಬೇಗ. ಚರ್ಮದ ಚೀಲ ನೋಡಲು ಚಂದ, ಮಳೆಗಾಲದಲ್ಲಿ ಅದು ತೇವದ ಗೂಡು. ಪ್ರಯಾಣಕ್ಕೆ ಮಾತ್ರ ಇಟ್ಟುಕೊಳ್ಳಿ. ಅಡುಗೆಮನೆ ಒಲೆಯ ಬಳಿಯ ಬೆಚ್ಚಗಿನ ಗೋಡೆಗೆ ಕೋವಿ ತೂಗುಹಾಕುವುದು ತೇವದ ಮಟ್ಟಿಗೆ ಸರಿ, ಮಕ್ಕಳ ಕೈಗೆ ಸಿಗುವ ಮಟ್ಟಿಗೆ ತಪ್ಪು. ಬೀಗವಿರುವ ಕಬ್ಬಿಣದ ಕಪಾಟು, ಅದರೊಳಗೆ ಸಿಲಿಕಾ ಜೆಲ್, ಜೆಲ್ಲನ್ನು ತಿಂಗಳಿಗೊಮ್ಮೆ ಬಿಸಿಮಾಡಿ ಒಣಗಿಸುವ ಶಿಸ್ತು, ಇಷ್ಟಿದ್ದರೆ ಸಾಕು. ನನ್ನ ಮಟ್ಟಿಗೆ ವರ್ಷದ ಮುಖ್ಯ ಶುಚಿ ಕೈಲ್ ಪೊಳ್ದಿನದ್ದೂ ಅಲ್ಲ, ಮೇ ತಿಂಗಳ ಕೊನೆಯದ್ದು. ಮಳೆಗಾಲಕ್ಕೆ ಕತ್ತಲ ಕೋಣೆಗೆ ಹೋಗುವ ಮುಂಚೆ ಕೋವಿ ಒಣಗಿರಬೇಕು. ನಡುವೆ ಮಳೆ ಬಿಟ್ಟ ಒಂದು ಮಧ್ಯಾಹ್ನ ತೆಗೆದು ನೋಡಿ ಒರೆಸಿಟ್ಟರೆ ಯಾವ ಕಟ್ಟಳೆಯೂ ಮುರಿಯದು.

ಬಹಳ ದಿನ ಬಿಟ್ಟ ಕೋವಿಯನ್ನು ಹೊರತೆಗೆದಾಗ ಮಡಚಿ, ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಳಗೆ ನೋಡುವುದನ್ನು ಮರೆಯಬಾರದು. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ 12 ಬೋರಿನ ತೂತು ಹೇಳಿ ಮಾಡಿಸಿದಂತಿರುತ್ತದೆ. ಒಣಮಣ್ಣಿನ ಒಂದು ಬೆಣೆ, ಸಿಕ್ಕಿಬಿದ್ದ ಬಟ್ಟೆಯ ತುಂಡು, ಅಥವಾ ತಪ್ಪಿ ಒಳಗೆ ಜಾರಿದ ಹಳದಿ ಬಣ್ಣದ 20 ಬೋರಿನ ತೋಟಾ, ಯಾವುದಿದ್ದರೂ ಈಡು ಹೊಡೆದಾಗ ನಳಿಗೆ ಸೀಳಿ ಮುಂಗೈ ಹೋಗುತ್ತದೆ.

ಕೊನೆಗೆ ಚುನಾವಣೆಯ ಮಾತು. ನೀತಿ ಸಂಹಿತೆ ಬಂದಾಗ ಮಲೆನಾಡು, ಕರಾವಳಿಯ ರೈತರ ಲೈಸೆನ್ಸಿನ ಕೋವಿಗಳು ಠಾಣೆಗೆ ಠೇವಣಿಯಾಗುತ್ತವೆ. ಲೋಕಸಭೆ ಚುನಾವಣೆಯದ್ದಾದರೆ ಕೋವಿ ಮನೆಗೆ ಮರಳುವುದು ಮುಂಗಾರು ಬಾಗಿಲು ತಟ್ಟುವ ಹೊತ್ತಿಗೆ, ಹಲವರ ಬೆವರುಗೈ ತಾಗಿಸಿಕೊಂಡು. ಕೊಡುವ ಮುಂಚೆ ಒಳಹೊರಗೆ ದಪ್ಪಗೆ ಎಣ್ಣೆ ಹಚ್ಚಿ, ಹಿಡಿಗೆ ಹೆಸರಿನ ಚೀಟಿ ಕಟ್ಟಿ, ಇರುವ ಗೀರು ಚುಕ್ಕೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ವಾಪಸ್ ಪಡೆಯುವಾಗ ನಳಿಗೆಯ ನಂಬರನ್ನು ಲೈಸೆನ್ಸಿನ ನಂಬರಿಗೆ ಅಲ್ಲೇ ತಾಳೆ ನೋಡಿ, ಏಕೆಂದರೆ ಒಂಟಿ ನಳಿಗೆಯ ಕೋವಿಗಳೆಲ್ಲ ನೋಡಲು ಒಂದೇ ಥರ. ಮನೆಗೆ ಬಂದ ದಿನವೇ ಬಿಚ್ಚಿ, ಒರೆಸಿ, ಹೊಸ ಎಣ್ಣೆ ಹಚ್ಚಿ ಕಪಾಟಿಗೆ ಸೇರಿಸಿ.